ನಾಯಕ ಅವನೇ, ನಾಯಕಿ ಬೇರೆ

ಕಡೇಚೂರಿನಿಂದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ರಜೆಯಲ್ಲಿ ಅವರ ಮಕ್ಕಳು ಮೊಬೈಲಿನಲ್ಲಿ ಕಡಲ್ಗಳ್ಳರ ಚಿತ್ರಮಾಲೆ 'ಪೈರೇಟ್ಸ್ ಆಫ್ ದ ಕೆರಿಬಿಯನ್'ನ ಐದನೆಯ ಭಾಗ ನೋಡಿದರಂತೆ. ಅಂದಿನಿಂದ ಒಂಬತ್ತನೆಯ ತರಗತಿ ಮುಗಿಸಿದ ಮಗಳು, "ಎಸ್ಸೆಸ್ಸೆಲ್ಸಿ ಆದಮ್ಯಾಲ ಸೈನ್ಸೇ ತಗೋತೀನಿ, ನಕ್ಷತ್ರದ ಲೆಕ್ಕ ಕಲೀತೀನಿ" ಎಂದು ಹಟ ಹಿಡಿದಿದ್ದಾಳೆ. ಮನೆಯ ಹಿರಿಯರು, ಹೆಣ್ಣುಮಗಳಿಗೆ ಹತ್ತನೆಯ ತರಗತಿಯೇ ಸಾಕು ಅನ್ನುತ್ತಾರೆ. "ಸಿನಿಮಾ ನೋಡಿ ಹುಡುಗಿ ತಲಿ ಕೆಟ್ಟದೇನ್ರೀ ಅಕ್ಕಾ?" ಎಂಬುದು ಇವರ ಪ್ರಶ್ನೆ.

ಗೆದ್ದ ಚಿತ್ರಕ್ಕೆ ಮುಂದಿನ ಭಾಗ ತೆಗೆಯುವುದು ಪರದೇಶದವರ ಸೊತ್ತೇನಲ್ಲ. ನಮ್ಮ ರಾಜಕುಮಾರರ ಸಿ.ಐ.ಡಿ. 999 ನೆನಪಿದೆಯಲ್ಲ? ದೊರೈ–ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ' ತೆಗೆದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಬಂತು. ಆಮೇಲೆ ಒಂಬತ್ತು ವರ್ಷ ಸುದ್ದಿಯಿಲ್ಲ. 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದಾಗ ರಾಜಕುಮಾರರಿಗೆ ಐವತ್ತರ ಹತ್ತಿರ ವಯಸ್ಸು. ಆದರೂ ಅದೇ ಗತ್ತು, ಅದೇ ಹೊಡೆದಾಟ. ಮೆಚ್ಚಿಗೆಯಾದ ಸಾರಿನ ಪುಡಿಯನ್ನೇ ನಾವು ಮತ್ತೆ ಮತ್ತೆ ಹಾಕುತ್ತೇವಲ್ಲ, ಹಾಗೆ!

ಒಂದು ಮಾತು ಗಮನಿಸಿ. ನಾಲ್ಕು ಚಿತ್ರಗಳಲ್ಲೂ ನಾಯಕ ಒಬ್ಬನೇ. ನಾಯಕಿಯರು ಮಾತ್ರ ಜಯಂತಿ, ಲಕ್ಷ್ಮಿ, ರೇಖಾ, ಪದ್ಮಪ್ರಿಯಾ, ಹೀಗೆ ಬದಲಾಗುತ್ತಲೇ ಹೋದರು. ಹಿಂದಿಯಲ್ಲಿ ಹೆಸರಾದ ಆ ರೇಖಾ ನಾಯಕಿಯಾಗಿ ಮೊದಲು ಕಾಣಿಸಿಕೊಂಡದ್ದೇ ಇಲ್ಲಿ. ಸಾಹಸವೆಲ್ಲ ಅವನದು, ಚೆಲುವು ಇವಳದು. ಆ ಕಾಲದ ಕಟ್ಟಳೆಯೇ ಹಾಗಿತ್ತು.

ಕಡಲ್ಗಳ್ಳರ ಮಾಲೆಯೂ ಇದೇ ದಾರಿ ಹಿಡಿಯಿತು. 2003, 2006, 2007ರ ಮೂರು ಭಾಗಗಳಲ್ಲಿ ಎಲಿಜಬೆತ್ ನಾಯಕಿ. 2011ರ ನಾಲ್ಕನೆಯದರಲ್ಲಿ ಏಂಜೆಲಿಕಾ. 2017ರ ಐದನೆಯದರಲ್ಲಿ ಕರೀನಾ. ಕುಡುಕ ಜಾಕ್ ಸ್ಪ್ಯಾರೋ ಮಾತ್ರ ಐದರಲ್ಲೂ ಅವನೇ.

ಆದರೆ ಈ ಕರೀನಾ ಬೇರೆ ತರದವಳು. ತಾಯಿತಂದೆ ಇಲ್ಲದೆ ಬೆಳೆದ ಹುಡುಗಿ. ತಂದೆ ಬಿಟ್ಟುಹೋದ ಒಂದು ಪುಸ್ತಕವೇ ಅವಳ ಆಸ್ತಿ. ಅದನ್ನು ಓದಿ ನಕ್ಷತ್ರ ನೋಡಿ ದಾರಿ ಲೆಕ್ಕ ಹಾಕುವುದನ್ನು ಕಲಿತಿದ್ದಾಳೆ. ಆ ತಪ್ಪಿಗೆ ಊರು ಅವಳನ್ನು ಮಾಟಗಾತಿ ಎಂದು ಗಲ್ಲಿಗೆ ಹಾಕಲು ಹೊರಡುತ್ತದೆ. ಹಡಗಿನ ಗಂಡಸರು ಅವಳ ಮಾತಿಗೆ ನಗುತ್ತಾರೆ. ಕೊನೆಗೆ ದಾರಿ ತೋರಿಸುವುದು ಅವಳ ಲೆಕ್ಕವೇ!

ಚಿತ್ರದ ತುಂಬ ದೆವ್ವ, ಕುಡಿತ, ಕತ್ತಿವರಸೆ ಇದೆ. ಚಿಕ್ಕ ಮಕ್ಕಳು ನೋಡುವಾಗ ಪಕ್ಕದಲ್ಲಿ ಕೂತಿರಿ. ಮಂತ್ರದ ತ್ರಿಶೂಲವೆಲ್ಲ ಕಟ್ಟುಕಥೆ. ನಕ್ಷತ್ರದ ಲೆಕ್ಕ ಮಾತ್ರ ಕಟ್ಟುಕಥೆಯಲ್ಲ, ಅದನ್ನು ನಿಮ್ಮ ಮಾಳಿಗೆಯ ಮೇಲೇ ಪರೀಕ್ಷಿಸಬಹುದು. ಬೇಸಿಗೆಯ ರಾತ್ರಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಸಪ್ತರ್ಷಿ ಮಂಡಲದ ಚೌಕದ ಅಂಚಿನ ಎರಡು ನಕ್ಷತ್ರಗಳನ್ನು ಸೇರಿಸಿ, ಅವುಗಳ ಅಂತರದ ಐದರಷ್ಟು ದೂರ ಗೆರೆ ಎಳೆದುಕೊಂಡರೆ ಧ್ರುವ ನಕ್ಷತ್ರ ಸಿಗುತ್ತದೆ. ಈಗ ಕೈ ನೀಡಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಬಾನಂಚಿನಿಂದ ಧ್ರುವ ನಕ್ಷತ್ರ ಒಂದೂವರೆ ಮುಷ್ಟಿಗೆ ತುಸು ಮೇಲಿರುತ್ತದೆ, ಏಕೆಂದರೆ ಕಡೇಚೂರು ಇರುವುದು ಹದಿನಾರೂವರೆ ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಕನ್ಯಾಕುಮಾರಿಯಲ್ಲಿ ಅದು 8 ಡಿಗ್ರಿಗೆ ಇಳಿಯುತ್ತದೆ, ಶ್ರೀನಗರದಲ್ಲಿ 34ಕ್ಕೆ ಏರುತ್ತದೆ. ನಾವಿಕರು ಉತ್ತರಕ್ಕೆ ಎಷ್ಟು ಬಂದೆವೆಂದು ತಿಳಿಯುತ್ತಿದ್ದದ್ದು ಹೀಗೆಯೇ. ಪೂರ್ವ–ಪಶ್ಚಿಮದ ಲೆಕ್ಕಕ್ಕೆ ಸರಿಯಾದ ಗಡಿಯಾರ ಬೇಕಿತ್ತು. ಹದಿನೆಂಟನೆಯ ಶತಮಾನದಲ್ಲಿ ಅದನ್ನು ಮಾಡಿಕೊಟ್ಟವನು ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ.

ಆದ್ದರಿಂದ ಕಡೇಚೂರಿನ ತಂಗಿ, ನಿಮ್ಮ ಮಗಳ ತಲೆ ಕೆಟ್ಟಿಲ್ಲ, ತೆರೆದಿದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರಷ್ಟು, ರಾಜ್ಯದಲ್ಲೇ ಕಡೆಯದು. ಹೆಂಗಸರಲ್ಲಿ ಅದು 41ರ ಆಸುಪಾಸು. ಅಂಥ ಜಿಲ್ಲೆಯಲ್ಲಿ ಓದುತ್ತೇನೆಂದು ಹಟ ಮಾಡುವ ಹುಡುಗಿಯನ್ನು ಮನೆಯಲ್ಲಿ ಕೂಡಿಸಬೇಡಿ.

ಹಿರಿಯರೊಡನೆ ಜಗಳ ಬೇಡ. ಒಂದು ರಾತ್ರಿ ಅವರನ್ನೂ ಮಾಳಿಗೆಗೆ ಕರೆದು ಮಗಳ ಕೈಯಿಂದಲೇ ಅಳೆದು ತೋರಿಸಿ. ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಮನೆಗೆ ಬಂದು ಎರಡು ಮಾತು ಹೇಳಲು ಕೇಳಿ. ಕಾಲೇಜು ದೂರವೆಂದರೆ ಹೆಣ್ಣುಮಕ್ಕಳ ಹಾಸ್ಟೆಲಿನ ವಿಚಾರ ಈಗಲೇ ತಿಳಿದುಕೊಳ್ಳಿ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಂತೆ ಓದು, ನೌಕರಿ ಎರಡರಲ್ಲೂ ಮೀಸಲಾತಿ ಇದೆ. ಅದರ ಪ್ರಮಾಣಪತ್ರವನ್ನು ಕಡೆಯ ಗಳಿಗೆಗೆ ಬಿಡದೆ ಮೊದಲೇ ಮಾಡಿಸಿಡಿ. ನಿಮ್ಮೂರ ಮಗ್ಗುಲಲ್ಲೇ ಕೈಗಾರಿಕಾ ಪ್ರದೇಶ ಬಂದಿದೆ, ರೈಲು ಬೋಗಿಗಳ ಕಾರ್ಖಾನೆ ಇದೆ. ಅಲ್ಲಿ ಲೆಕ್ಕ ಬಲ್ಲ ಹುಡುಗಿಯೂ ಬೇಕಾದಾಳು, ಬರೀ ಕಸ ಗುಡಿಸುವವಳಲ್ಲ.

ಸಿನಿಮಾದಲ್ಲಿ ನಾಯಕಿ ಬದಲಾಗುತ್ತಾಳೆ, ನಿಜ. ನಿಮ್ಮ ಮನೆಯ ಕಥೆಯ ಮುಂದಿನ ಭಾಗಕ್ಕೆ ನಾಯಕಿ ಇವಳೇ. ಮನೆಯಲ್ಲಿ ಏನು ತೀರ್ಮಾನವಾಯಿತೆಂದು ತಪ್ಪದೆ ಬರೆಯಿರಿ.