ಹಳೆಯ ಯೆಜ್ಡಿಯನ್ನು ಗುಜರಿಗೆ ಹಾಕುವ ಮೊದಲು



ನಮ್ಮ ಶಾಲೆಯ ಸೈಕಲ್ ಶೆಡ್ಡಿನ ಮೂಲೆಯಲ್ಲಿ ಎರಡು ಮಳೆಗಾಲ ಕಳೆದ ಒಂದು ಯೆಜ್ಡಿ ಬೈಕಿನ ಬಗ್ಗೆ ಈ ಸಲ ಬರೆಯುತ್ತಿದ್ದೇವೆ. ಕಾಸರಗೋಡಿನ ಕನ್ನಡ ಶಾಲೆಗೂ ಹಳೆಯ ಬೈಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾವೂ ಮೊದಲು ಹಾಗೆಯೇ ಅಂದುಕೊಂಡಿದ್ದೆವು. ಈಗ ನಮ್ಮ ಅಭಿಪ್ರಾಯ ಬದಲಾಗಿದೆ. ಅಂಥ ಒಂದು ಯಂತ್ರ ಪ್ರತಿ ಕನ್ನಡ ಶಾಲೆಯ ವಿಜ್ಞಾನದ ಮೇಜಿನ ಮೇಲೆ ಇರಬೇಕು, ಅದನ್ನು ಬಿಚ್ಚುವಾಗ ಮಕ್ಕಳು ಆಡುವ ಮಾತನ್ನು ಅಧ್ಯಾಪಕರು ಕಿವಿಗೊಟ್ಟು ಕೇಳಬೇಕು ಎಂಬುದು ನಮ್ಮ ವಾದ. ಯಾಕೆ ಎಂದು ಹೇಳುತ್ತೇವೆ.

ಈ ಬೈಕು ನಮ್ಮ ಶಾಲೆಯ ನಿವೃತ್ತ ಅಧ್ಯಾಪಕರೊಬ್ಬರದು. 1980ರ ದಶಕದಲ್ಲಿ ಕೊಂಡದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವಲ್ಲ, ಅವುಗಳಲ್ಲಿ ಒಂದು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರು. ಮಾಸ್ಟ್ರು ಬರುವ ಸದ್ದು ಗುಡ್ಡದ ಆಚೆಯಿಂದಲೇ ಕೇಳಿದರೆ ಮಕ್ಕಳು ಓಡಿಹೋಗಿ ತರಗತಿಯಲ್ಲಿ ಕೂರುತ್ತಿದ್ದರಂತೆ! ಮೊಣಕಾಲು ಸೋತ ಮೇಲೆ ಅವರು ಬೈಕನ್ನು ಶಾಲೆಯ ವಿಜ್ಞಾನ ಸಂಘಕ್ಕೆ ಕೊಟ್ಟರು. ನಾವು ಸಂತೋಷದಿಂದ ತೆಗೆದುಕೊಂಡೆವು, ಫೋಟೋ ತೆಗೆಸಿಕೊಂಡೆವು, ಶೆಡ್ಡಿನಲ್ಲಿ ಇಟ್ಟೆವು, ಮರೆತೆವು. ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು ಕೂಡ ಖಾಲಿ ಮಾಡಲಿಲ್ಲ. ತಪ್ಪು ಅಲ್ಲಿಂದಲೇ ಶುರು.

ಕಳೆದ ಬಾರಿ ವೃತ್ತಿಪರಿಚಯ ಮೇಳ ಹತ್ತಿರ ಬಂದಾಗ ನಮಗೆ ಬೈಕಿನ ನೆನಪಾಯಿತು. ಚಾಲೂ ಮಾಡಿ ತೋರಿಸೋಣ ಎಂದು ಹೊರಟರೆ ಎಕ್ಸಿಲೇಟರ್ ತಿರುಗುವುದೇ ಇಲ್ಲ. ಕಾರ್ಬುರೇಟರಿನೊಳಗೆ ಮೇಲೆ ಕೆಳಗೆ ಜಾರುವ ಸ್ಲೈಡ್ ಬಿಗಿದುಕೊಂಡಿತ್ತು. ನಾವು ಕೇಬಲ್ ಹಿಡಿದು ಎಳೆದೆವು. ಕೇಬಲಿನ ಎರಡು ಎಳೆ ತುಂಡಾಯಿತು. ಕಾರ್ಬುರೇಟರನ್ನು ಕಳಚಿ, ಕೈಗೆ ಸಿಕ್ಕ ಸ್ಕ್ರೂಡ್ರೈವರಿನಲ್ಲಿ ಜೆಟ್ ತಿರುಗಿಸಲು ಹೋದೆವು. ಜೆಟ್ಟು ಹಿತ್ತಾಳೆಯದು, ಮೆತ್ತಗಿನ ಲೋಹ. ಅದರ ಗೀರು ಸವೆದುಹೋಯಿತು. ಇನ್ನು ಇಕ್ಕಳದಲ್ಲಿ ಸ್ಲೈಡನ್ನೇ ಹಿಡಿದು ಎಳೆಯುವುದು ಎಂದು ಹೊರಟಾಗ ಹಿಂದಿನಿಂದ ಒಂದು ದನಿ.

"ಸಾರ್, ಇಕ್ಕಳ ಬೇಡ. ಎಳೆದ್ರೆ ಗೀರು ಬೀಳ್ತದೆ, ಮತ್ತೆ ಯಾವಾಗ್ಲೂ ಸಿಕ್ಕಿಕೊಳ್ತದೆ. ಮೊದಲು ಡೀಸೆಲ್ ಹಾಕಿ ಇಡುವ. ನಾಳೆ ಬಿಸಿನೀರು ಹೊಯ್ಯುವ. ಕಾದರೆ ಅದು ಸ್ವಲ್ಪ ಅರಳ್ತದೆ."

ಹೇಳಿದವನು ಒಂಬತ್ತನೇ ತರಗತಿಯ ಹುಡುಗ. ರಜೆಯಲ್ಲಿ ಸೋದರಮಾವನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವವನು. ಅದೇ ತಿಂಗಳ ಯೂನಿಟ್ ಟೆಸ್ಟಿನಲ್ಲಿ "ಉಷ್ಣ ವ್ಯಾಕೋಚನೆ ಎಂದರೇನು? ಒಂದು ಉದಾಹರಣೆ ಕೊಡಿ" ಎಂಬ ಪ್ರಶ್ನೆಯ ಜಾಗವನ್ನು ಖಾಲಿ ಬಿಟ್ಟವನೂ ಅವನೇ. ಸೊನ್ನೆ ಹಾಕಿದವರು ನಾವೇ.

ಮುಂದೆ ನಡೆದುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ. ನಿಮ್ಮ ಮನೆಯಲ್ಲೂ ಇಂಥ ಹಳೆಯ ಗಾಡಿ ಇದ್ದರೆ ಉಪಯೋಗಕ್ಕೆ ಬರಲಿ.

ಮೊದಲ ಪ್ರಶ್ನೆ, ಯಾವುದು ಹಿಡಿದುಕೊಂಡಿದೆ? ಪೆಟ್ರೋಲು ನಿಂತಲ್ಲೇ ನಿಂತರೆ ಅದರ ಹಗುರ ಅಂಶಗಳು ಆರಿಹೋಗುತ್ತವೆ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಂದು ಬಣ್ಣದ ಅಂಟಾಗುತ್ತದೆ. ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕಿನಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಹಿಂದೆ ಉಳಿದು ಆ ಅಂಟಿಗೆ ಸೇರುತ್ತದೆ. ಇದೊಂದು ಬಗೆ. ಎರಡನೆಯದು ಬಿಳಿ ಪುಡಿ. ಹಳೆಯ ಕಾರ್ಬುರೇಟರಿನ ಒಡಲು ಸಾಮಾನ್ಯವಾಗಿ ಸತುವಿನ ಅಥವಾ ಅಲ್ಯೂಮಿನಿಯಮಿನ ಮಿಶ್ರಲೋಹದ ಎರಕ. ತೇವ ತಾಗಿದರೆ ಅದರ ಮೇಲೆ ಬಿಳಿ ಪುಡಿ ಬೆಳೆಯುತ್ತದೆ. ನಮ್ಮ ಕರಾವಳಿಯ ಜೂನ್-ಜುಲೈ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ. ನೂರಕ್ಕೆ 20 ಪಾಲು ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಹಾಗಾಗಿ ಹಳೆಯ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕನ್ನೂ ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡುವುದು ಮೊದಲಿಗಿಂತ ಈಗ ಹೆಚ್ಚು ಅಗತ್ಯ. ಮೂರನೆಯ ಬಗೆಯೂ ಇದೆ. ಯಾರೋ ಬೋಲ್ಟನ್ನು ವಿಪರೀತ ಬಿಗಿದು ಒಡಲೇ ಸ್ವಲ್ಪ ಸೊಟ್ಟಗಾಗಿರುವುದು. ಅದಕ್ಕೆ ಎಣ್ಣೆ, ನೀರು ಯಾವುದೂ ಮದ್ದಲ್ಲ.

ನಮ್ಮದು ಮೊದಲ ಎರಡು ಬಗೆಯದು. ತೆರೆದ ಅಂಗಳದಲ್ಲಿ, ಹತ್ತಿರ ಎಲ್ಲೂ ಬೆಂಕಿ ಇಲ್ಲದಂತೆ ನೋಡಿಕೊಂಡು, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ಕೆಲಸ ಶುರುವಾಯಿತು. ಉಳಿದಿದ್ದ ಪೆಟ್ರೋಲನ್ನು ಪೂರ್ತಿ ಬಸಿದೆವು. ಕಳಚಲು ಬಂದ ರಬ್ಬರ್ ಭಾಗಗಳನ್ನು, ಫ್ಲೋಟನ್ನು ತೆಗೆದಿಟ್ಟೆವು. ಸ್ಲೈಡಿನ ಸುತ್ತ ಡೀಸೆಲ್ ಬಿಟ್ಟು ಒಂದು ರಾತ್ರಿ ಇಟ್ಟೆವು. ಮರುದಿನ ಡೀಸೆಲನ್ನು ಒರೆಸಿ, ಮಧ್ಯಾಹ್ನದ ಊಟದ ಅಡುಗೆಕೋಣೆಯಿಂದ ಬೇರೆ ಬಕೆಟಿನಲ್ಲಿ ತಂದ ಬಿಸಿನೀರನ್ನು ಒಡಲಿನ ಹೊರಮೈಗೆ ಹೊಯ್ದೆವು. ಹೊರಗಿನ ಒಡಲು ಮೊದಲು ಕಾಯುತ್ತದೆ, ಒಳಗಿನ ಸ್ಲೈಡ್ ಆಮೇಲೆ ಕಾಯುತ್ತದೆ. ಆ ನಡುವಿನ ಕೆಲವು ಕ್ಷಣ ಮಾತ್ರ ನಮ್ಮದು. ಆಗ ಕೆಳಗಿನಿಂದ ಮರದ ಕಡ್ಡಿಯಲ್ಲಿ ಮೆಲ್ಲಗೆ ದೂಡಬೇಕು. ಬರದಿದ್ದರೆ ಬಿಟ್ಟುಬಿಡಬೇಕು. ಆರಿದ ಮೇಲೆ ಮತ್ತೆ ಡೀಸೆಲ್, ಮತ್ತೆ ಬಿಸಿನೀರು.

ಎಷ್ಟು ಅರಳುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಿದರು. ಸ್ಲೈಡ್ ಕೂರುವ ರಂಧ್ರದ ವ್ಯಾಸ 26 ಮಿ.ಮೀ. ಎಂದಿಟ್ಟುಕೊಳ್ಳಿ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುತ್ತದೆ. 65 ಡಿಗ್ರಿ ಬಿಸಿಯೇರಿದರೆ ರಂಧ್ರ ದೊಡ್ಡದಾಗುವುದು ಸುಮಾರು 0.04 ಮಿ.ಮೀ. ಅಷ್ಟೇ. "ಇಷ್ಟಕ್ಕಾ ಸಾರ್?" ಎಂದಳು ಒಬ್ಬ ಹುಡುಗಿ. ಇಷ್ಟಕ್ಕೇ! ಕಾದು ಆರಿ, ಕಾದು ಆರಿ ಮಾಡುವಾಗ ಬಿಳಿ ಪುಡಿಯ ಹಕ್ಕಳೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಬಿಸಿಗೆ ಅಂಟು ಕೂಡ ಮೆತ್ತಗಾಗುತ್ತದೆ.

ಮೂರನೆಯ ದಿನ, ನಾಲ್ಕನೆಯ ಸಲ ನೀರು ಹೊಯ್ದಾಗ ಸ್ಲೈಡ್ ಒಂದು ನೂಲಿನಷ್ಟು ಕದಲಿತು. ನಾವು ಖುಷಿಯಲ್ಲಿ ಮೇಲಕ್ಕೆ ದೂಡಲು ಹೋದರೆ ಹುಡುಗ ತಡೆದ. "ಈಗ ಕೆಳಗೆ ಒತ್ತಿ ಸಾರ್, ಆಮೇಲೆ ಮೇಲೆ." ಬಂದಷ್ಟು ಬಂದು ಹಿಂದೆ ಹೋದರೆ ಪುಡಿ ದಾರಿ ಬಿಡುತ್ತದೆ, ಒಂದೇ ಕಡೆಗೆ ನೂಕಿದರೆ ಪುಡಿಯೇ ಬೆಣೆಯಾಗಿ ಕೂರುತ್ತದೆ. ಹೀಗೆ ಹಿಂದೆ ಮುಂದೆ ಮಾಡುತ್ತಾ ಹತ್ತು ನಿಮಿಷದಲ್ಲಿ ಸ್ಲೈಡ್ ಕೈಗೆ ಬಂತು, ಒಂದು ಗೀರೂ ಇಲ್ಲದೆ. ಜೆಟ್ಟಿಗೂ ಅದೇ ಮದ್ದು. ಗೀರಿನ ಅಗಲಕ್ಕೆ ಸರಿಯಾಗಿ ತುಂಬುವ ಸ್ಕ್ರೂಡ್ರೈವರ್ ತಂದು, ಮೊದಲು ಸ್ವಲ್ಪ ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ನಾವು ಹಾಳು ಮಾಡಿದ್ದ ಗೀರಿನಿಂದಾಗಿ ಅದಕ್ಕೆ ಇನ್ನೂ ಒಂದು ದಿನ ಹಿಡಿಯಿತು.

ಮಾಡಬಾರದ್ದೂ ಕೆಲವು ಇವೆ. ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ಒಳ್ಳೆಯದು ಎಂದು ಕಾರ್ಬುರೇಟರನ್ನೇ ಹುಳಿನೀರಿನಲ್ಲಿ ನೆನೆಹಾಕಬೇಡಿ. ಸತುವನ್ನು ಆಮ್ಲ ತಿನ್ನುತ್ತದೆ, ಎಂಟನೇ ತರಗತಿಯಲ್ಲಿ ನಾವೇ ಗುಳ್ಳೆ ಎಬ್ಬಿಸಿ ತೋರಿಸುತ್ತೇವಲ್ಲ! ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮನ್ನು ತಿನ್ನುತ್ತದೆ, ಅದೂ ಬೇಡ. ಗ್ಯಾಸ್ ಜ್ವಾಲೆ ಹಿಡಿಯಲೇಬೇಡಿ. ಪೆಟ್ರೋಲಿನ ಆವಿ ಒಂದು ಅಪಾಯ, ಸತುವಿನ ಎರಕ 400 ಡಿಗ್ರಿಗಿಂತ ಮೊದಲೇ ಕರಗುವುದು ಇನ್ನೊಂದು. ಜೆಟ್ಟಿನ ತೂತಿಗೆ ಉಕ್ಕಿನ ತಂತಿ ಹಾಕಬೇಡಿ. 0.95 ಮಿ.ಮೀ. ತೂತು ಸವೆದು 1.00 ಆದರೆ ವಿಸ್ತೀರ್ಣ ಸುಮಾರು ನೂರಕ್ಕೆ 11ರಷ್ಟು ಹೆಚ್ಚುತ್ತದೆ, ಪೆಟ್ರೋಲೂ ಹಾಗೆಯೇ ಹೆಚ್ಚು ಕುಡಿಯುತ್ತದೆ. ಕೊನೆಯದಾಗಿ, ಎಲ್ಲ ಜೋಡಿಸಿದ ಮೇಲೆ ಎಕ್ಸಿಲೇಟರ್ ತಿರುಗಿಸಿ ಬಿಟ್ಟರೆ ಸ್ಲೈಡ್ ಟಕ್ ಎಂದು ಕೆಳಗೆ ಬೀಳಬೇಕು. ಬೀಳದಿದ್ದರೆ ಇಂಜಿನ್ ಚಾಲೂ ಮಾಡಲೇಬೇಡಿ. ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಗಾಡಿ ನಿಮ್ಮ ಮಾತು ಕೇಳುವುದಿಲ್ಲ. ನಾವು ಹೊಸ ಕೇಬಲನ್ನೂ ಹಾಕಿದೆವು.

ಇಷ್ಟೆಲ್ಲ ಮಾಡಿದ ಮೇಲೆ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು, "ಕಾರ್ಬುರೇಟರ್ ಕಾಲ ಮುಗಿಯಿತಲ್ಲ, ಇದನ್ನು ಕಲಿತು ಮಕ್ಕಳು ಏನು ಮಾಡಬೇಕು?" ಮಾತು ನಿಜ. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಆದರೆ ನಾವು ಕಲಿತದ್ದು ಕಾರ್ಬುರೇಟರ್ ಒಂದನ್ನೇ ಅಲ್ಲ. ಲೋಹ ಹಿಗ್ಗುವುದು, ಆಮ್ಲ ಸತುವನ್ನು ತಿನ್ನುವುದು, ವೃತ್ತದ ವಿಸ್ತೀರ್ಣ, ಇವು ಹಳತಾಗುವುದಿಲ್ಲ. ಇವನ್ನು ಚಾರ್ಟಿನಲ್ಲಿ ಹತ್ತು ವರ್ಷದಿಂದ ತೋರಿಸುತ್ತಾ ಬಂದಿದ್ದೇವೆ. "ಇಷ್ಟಕ್ಕಾ ಸಾರ್?" ಎಂದು ಒಂದು ಮಗುವೂ ಕೇಳಿರಲಿಲ್ಲ.

ಇನ್ನೊಂದು ಮಾತು ನಮ್ಮ ಹೆತ್ತವರಿಗೆ. ಯಂತ್ರ, ವಿಜ್ಞಾನ ಎಲ್ಲ ಇಂಗ್ಲಿಷಿನಲ್ಲಿ ಇರುವುದು, ಕನ್ನಡ ಮಾಧ್ಯಮದಲ್ಲಿ ಕಲಿತರೆ ಮುಂದೆ ಕಷ್ಟ ಎಂದು ನೀವು ಟಿ.ಸಿ. ಕೇಳಲು ಬರುತ್ತೀರಿ. ನಿಮ್ಮ ಆತಂಕ ನಮಗೆ ಗೊತ್ತು, ತಮಾಷೆ ಮಾಡುವುದಿಲ್ಲ. ಆದರೆ ಆ ಮೂರು ದಿನ ನಮ್ಮ ಅಂಗಳದಲ್ಲಿ ಜೆಟ್, ಸ್ಲೈಡ್, ಫ್ಲೋಟ್ ಎಂಬ ಹೆಸರುಗಳು ಮಾತ್ರ ಇಂಗ್ಲಿಷಿನವು. ಯಾಕೆ, ಹೇಗೆ, ಆಮೇಲೆ ಏನಾಗುತ್ತದೆ ಎಂಬ ಮಾತೆಲ್ಲ ಕನ್ನಡದಲ್ಲಿ, ನಡುನಡುವೆ ತುಳುವಿನಲ್ಲಿ, ಒಂದಿಷ್ಟು ಮಲಯಾಳದಲ್ಲಿ ನಡೆಯಿತು. ಹೆಸರನ್ನು ಯಾವಾಗ ಬೇಕಾದರೂ ಕಲಿಯಬಹುದು. ಯಾಕೆ ಎಂದು ಕೇಳಲು ನಾಲಗೆ ತಡವರಿಸದ ಭಾಷೆ ಬೇಕು.

ತಪ್ಪು ಹೆತ್ತವರದ್ದು ಮಾತ್ರ ಅಲ್ಲ, ನಮ್ಮದೂ ಇದೆ. "ಅರಳುತ್ತದೆ" ಎಂದು ತಿಳಿದ ಹುಡುಗನಿಗೆ "ವ್ಯಾಕೋಚನೆ" ಎಂದರೆ ಅದೇ ಎಂದು ನಾವು ಹೇಳಿಕೊಟ್ಟಿರಲಿಲ್ಲ. ಪುಸ್ತಕದ ಕನ್ನಡ ಅವನಿಗೆ ಇಂಗ್ಲಿಷಿನಷ್ಟೇ ದೂರವಾಗಿತ್ತು. ಪುಸ್ತಕದ ಮಾತು ಬೇಡ ಎಂದು ನಾವು ಹೇಳುತ್ತಿಲ್ಲ. ಪರೀಕ್ಷೆ ಬರೆಯಬೇಕು, ಮುಂದೆ ಓದಬೇಕು, ಅದಕ್ಕೆ ಆ ಮಾತು ಬೇಕೇ ಬೇಕು. ಆದರೆ ಗ್ಯಾರೇಜಿನ ಮಾತಿನಿಂದ ಪುಸ್ತಕದ ಮಾತಿಗೆ ಮೆಟ್ಟಿಲು ಕಟ್ಟುವ ಕೆಲಸ ಅಧ್ಯಾಪಕರದ್ದು. ಅದನ್ನು ನಾವು ಮಾಡದೆ, ಹುಡುಗ ದಡ್ಡ ಎಂದು ಬರೆದುಕೊಂಡೆವು.

ಹಾಗಾಗಿ ನಮ್ಮ ಬೇಡಿಕೆ ಸಣ್ಣದು. ನಿಮ್ಮ ಊರಿನಲ್ಲಿ ಗುಜರಿಗೆ ಹೊರಟ ಹಳೆಯ ಬೈಕು, ಹೊಲಿಗೆ ಯಂತ್ರ, ನೀರಿನ ಪಂಪು ಇದ್ದರೆ ಶಾಲೆಗೆ ಕೊಡಿ. ಅಧ್ಯಾಪಕರು ಅದನ್ನು ನಮ್ಮ ಹಾಗೆ ಶೆಡ್ಡಿನಲ್ಲಿ ಮರೆಯದೆ ಮೇಜಿನ ಮೇಲೆ ಇಡಲಿ. ಊರಿನ ಮೆಕ್ಯಾನಿಕನ್ನು ವರ್ಷಕ್ಕೆ ಎರಡು ಪಿರಿಯಡ್ ಕರೆಯಲಿ. ಮುಖ್ಯ ಅತಿಥಿಗೆ ಹಾಕುವ ಶಾಲನ್ನು ಒಮ್ಮೆ ಅವರಿಗೂ ಹಾಕಲಿ.

ಮೇಳಕ್ಕೆ ಬೈಕು ಸಿದ್ಧವಾಗಲಿಲ್ಲ. ಅದು ಚಾಲೂ ಆದದ್ದು ಮೇಳ ಮುಗಿದು ಎರಡು ವಾರದ ಮೇಲೆ, ಒಂದು ಶನಿವಾರ. ಮಾಸ್ಟ್ರನ್ನು ರಿಕ್ಷಾದಲ್ಲಿ ಕರೆತಂದಿದ್ದೆವು. ಕಿಕ್ ಹೊಡೆದದ್ದು ಹುಡುಗ. ಆರನೆಯ ಸಲಕ್ಕೆ ಅಂಗಳ ತುಂಬ ನೀಲಿ ಹೊಗೆ! ಮಾಸ್ಟ್ರು ಸದ್ದನ್ನು ಸ್ವಲ್ಪ ಹೊತ್ತು ಕೇಳಿ, "ಐಡಲ್ ಸ್ವಲ್ಪ ಕಡಿಮೆ ಮಾಡು ಮಾರಾಯ" ಎಂದರು, ಅಷ್ಟೇ.

ಮುಂದಿನ ಯೂನಿಟ್ ಟೆಸ್ಟಿನಲ್ಲಿ ನಾವು ಪ್ರಶ್ನೆಯನ್ನು ಬೇರೆ ರೀತಿ ಬರೆದೆವು. "ಬಿಗಿದುಕೊಂಡ ಸ್ಲೈಡನ್ನು ಬಿಡಿಸಲು ಒಡಲಿಗೆ ಬಿಸಿನೀರು ಹೊಯ್ಯುವುದು ಯಾಕೆ? ಈ ಕ್ರಿಯೆಯ ಹೆಸರೇನು?" ಅವನು ಮುಕ್ಕಾಲು ಪುಟ ಬರೆದಿದ್ದ. ಕೊನೆಯಲ್ಲಿ ವ್ಯಾಕೋಚನೆ ಎಂಬ ಪದವೂ ಇತ್ತು, ಒಂದು ಅಕ್ಷರ ತಪ್ಪಾಗಿ. ತಿದ್ದಿ, ಪೂರ್ತಿ ಅಂಕ ಕೊಟ್ಟೆವು.