ಕುಂಬ್ಡಾಜೆಯ ರೋಗಿಗೆ ಊರಿನ ಆಸರೆ ಎಲ್ಲಿಯವರೆಗೆ?

ಗಡಿನಾಡಿನ ಯಾವುದೇ ಹಳ್ಳಿಯಲ್ಲಿ ಒಬ್ಬರಿಗೆ ಕಿಡ್ನಿ ವೈಫಲ್ಯವೋ ಅರ್ಬುದವೋ ಇದೆಯೆಂದು ತಿಳಿದ ಕೆಲವೇ ದಿನಗಳಲ್ಲಿ ಚಿಕಿತ್ಸಾ ಸಹಾಯ ಸಮಿತಿಯೊಂದು ರೂಪುಗೊಳ್ಳುತ್ತದೆ. ವಾರ್ಡು ಸದಸ್ಯರು, ಕ್ಲಬ್ಬಿನ ಯುವಕರು, ದೇವಸ್ಥಾನ ಮಸೀದಿಗಳ ಪ್ರಮುಖರು ಪಕ್ಷಭೇದ ಮರೆತು ಒಂದೆಡೆ ಕುಳಿತುಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲಾಗುತ್ತದೆ. ಖಾಸಗಿ ಬಸ್ಸಿನವರು ಒಂದು ದಿನದ ಸಂಪಾದನೆಯನ್ನು ‘ಕಾರುಣ್ಯ ಯಾತ್ರೆ’ಯ ಹೆಸರಿನಲ್ಲಿ ಒಪ್ಪಿಸುತ್ತಾರೆ. ಯಕ್ಷಗಾನ ಬಯಲಾಟವೂ ಸಹಾಯಾರ್ಥವಾಗಿ ನಡೆಯುತ್ತದೆ. ಕುಂಬ್ಡಾಜೆ ಪಂಚಾಯತು ಈ ಮಾತಿಗೆ ಹೊರತಲ್ಲ. ಇದು ನಮ್ಮ ನಾಡಿನ ದೊಡ್ಡ ಗುಣ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೀಗೆ ಸಂಗ್ರಹವಾದ ಹಣದ ಬಹುಪಾಲು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ.

ಅದು ತಲಪಾಡಿ ದಾಟಿ ದೇರಳಕಟ್ಟೆಗೆ, ಮಂಗಳೂರಿಗೆ ಹೋಗುತ್ತದೆ. ಬೇರೆ ದಾರಿಯೂ ಇರಲಿಲ್ಲ. 1984ರಲ್ಲಿ ಜಿಲ್ಲೆಯಾದ ಕಾಸರಗೋಡಿಗೆ ಸರಕಾರಿ ವೈದ್ಯಕೀಯ ಕಾಲೇಜಿನ ಶಿಲಾನ್ಯಾಸವಾದದ್ದು 2013ರ ನವೆಂಬರ್ 30ರಂದು, ನಮ್ಮ ನೆರೆಯ ಉಕ್ಕಿನಡ್ಕದಲ್ಲಿ. ಅಲ್ಲಿ ಹೊರರೋಗಿ ವಿಭಾಗ ತೆರೆದದ್ದು 2022ರ ಜನವರಿ 3ರಂದು. 2025ರಲ್ಲಿ 50 ಎಂ.ಬಿ.ಬಿ.ಎಸ್. ಸೀಟುಗಳಿಗೆ ಅನುಮತಿ ದೊರೆಯಿತು. ಇದರ ನಡುವೆ 2020ರ ಮಾರ್ಚ್‌ನಲ್ಲಿ ಕೊರೋನಾ ನೆಪದಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ, ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಬೇಕಾಯಿತು. ಚಿಕಿತ್ಸೆ ಸಿಗದೆ ಹಲವರು ಪ್ರಾಣ ಕಳೆದುಕೊಂಡರು. ರಸ್ತೆ ತೆರೆಯುವಂತೆ ಕೇರಳ ಹೈಕೋರ್ಟು ಎಪ್ರಿಲ್ 1ರಂದು ಆದೇಶಿಸಿದ ಬಳಿಕವೂ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಂದು ಯಾವ ಸಹಾಯ ಸಮಿತಿಯ ಹಣವೂ ರೋಗಿಯನ್ನು ಗಡಿ ದಾಟಿಸಲಿಲ್ಲ.

ಕುಂಬ್ಡಾಜೆಯ ಮಟ್ಟಿಗೆ ಈ ವಿಚಾರಕ್ಕೆ ಇನ್ನೂ ಒಂದು ಮುಖವಿದೆ. ಎಂಡೋಸಲ್ಫಾನ್ ಬಾಧಿತವೆಂದು ಸರಕಾರವೇ ಗುರುತಿಸಿದ 11 ಪಂಚಾಯತುಗಳಲ್ಲಿ ಇದೂ ಒಂದು. ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಲಾಯಿತು. ಈ ದುರಂತವನ್ನು ಮೊದಲು ಗಮನಿಸಿದ್ದು ದೊಡ್ಡ ಆಸ್ಪತ್ರೆಯಲ್ಲ, ಎಣ್ಮಕಜೆಯ ವಾಣೀನಗರದಲ್ಲಿ ಹಳ್ಳಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರರು, ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿದರು. ಒಂದೇ ವೈದ್ಯರು ಒಂದೇ ಊರಿನ ಮನೆಮನೆಯ ರೋಗಿಗಳನ್ನು ವರ್ಷಗಟ್ಟಲೆ ನೋಡುತ್ತ ಬಂದದ್ದರಿಂದಲೇ ಆ ಹೋಲಿಕೆ ಅವರ ಕಣ್ಣಿಗೆ ಬಿತ್ತು. ಸಣ್ಣ ಆಸ್ಪತ್ರೆಯ ಬೆಲೆ ಏನೆಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಪರಿಹಾರದ ಕಥೆ ಎಲ್ಲರಿಗೂ ತಿಳಿದದ್ದೇ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡುವಂತೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ವಿಚಾರಿಸಿದಾಗ, 3,704 ಮಂದಿಯ ಪೈಕಿ ಹಣ ತಲುಪಿದ್ದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಎಂಟು ಮಂದಿಗೆ ಮಾತ್ರ. ವಿತರಣೆ ಚುರುಕಾದದ್ದು ಅನಂತರವೇ. ಆದರೆ ಹಾಸಿಗೆ ಹಿಡಿದ ಮಗುವಿಗೆ, ಈಗ ಮೂವತ್ತು ದಾಟಿರುವ ಆ ‘ಮಗು’ವಿಗೆ, ನಿತ್ಯ ಬೇಕಾದದ್ದು ಇಡಿಗಂಟು ಅಲ್ಲ. ಮಗ್ಗುಲು ಬದಲಿಸುವ ಕೈ, ಅಪಸ್ಮಾರದ ಮಾತ್ರೆ ತಪ್ಪದೆ ಸಿಗುವ ವ್ಯವಸ್ಥೆ, ವಯಸ್ಸಾದ ತಾಯಿಗೆ ಒಂದು ದಿನದ ಬಿಡುವು.

ಇಲ್ಲಿಯೇ ಸಾಂತ್ವನ ಚಿಕಿತ್ಸೆಯ ಮಹತ್ವವಿರುವುದು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಈ ಚಳವಳಿ ಮಲಪ್ಪುರದ ಹಳ್ಳಿಗಳಲ್ಲಿ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2008ರಲ್ಲಿ ಕೇರಳ ಅದನ್ನು ಸರಕಾರದ ನೀತಿಯನ್ನಾಗಿ ಸ್ವೀಕರಿಸಿತು. ಪಂಚಾಯತಿನ ಯೋಜನಾ ನಿಧಿಯಿಂದ ನೇಮಕಗೊಂಡ ದಾದಿ, ಆಶಾ ಕಾರ್ಯಕರ್ತೆ ಮತ್ತು ಊರಿನ ಸ್ವಯಂಸೇವಕರು ಮನೆಗೆ ಹೋಗಿ ಹುಣ್ಣು ತೊಳೆಯುತ್ತಾರೆ, ಮೂತ್ರದ ಕೊಳವೆ ಬದಲಿಸುತ್ತಾರೆ. ನಾಯರ್, ಭಟ್ಟ, ಬ್ಯಾರಿ, ಕೊರಗ ಎಂಬ ಭೇದ ಆ ಜೀಪಿಗೆ ಗೊತ್ತಿಲ್ಲ. ಪತ್ರಿಕೆಗಳಲ್ಲಿ ಫೋಟೋ ಬರದ ಸೇವೆ ಇದು. ಬಹುಶಃ ಅದಕ್ಕಾಗಿಯೇ ಇದಕ್ಕೆ ದೇಣಿಗೆಯೂ ಕಡಿಮೆ.

ಭಾಷೆಯ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕುಂಬ್ಡಾಜೆಯ ಮನೆಗಳಲ್ಲಿ ತುಳು, ಕನ್ನಡ, ಹವ್ಯಕ, ಮರಾಠಿ, ಮಲಯಾಳಗಳು ಬೆರೆತಿವೆ. ದಕ್ಷಿಣದಿಂದ ವರ್ಗವಾಗಿ ಬಂದ ವೈದ್ಯರಿಗೆ ‘ಜೋಮು’, ‘ಸೆಳೆತ’, ‘ಉರಿ’ ಇವುಗಳ ವ್ಯತ್ಯಾಸ ತಿಳಿಯದಿದ್ದರೆ ತಪ್ಪು ಅವರದಲ್ಲ. ಆದರೆ ಊಟಕ್ಕೆ ಮೊದಲು ನುಂಗಬೇಕಾದ ಮಾತ್ರೆಯನ್ನು ಅಜ್ಜಿ ಊಟದ ನಂತರ ನುಂಗಿದರೆ ಕಷ್ಟ ಅಜ್ಜಿಗೆ. 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸ್ಥಳೀಯ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಶಾಲೆಯ ಅಧ್ಯಾಪಕ ನೇಮಕಾತಿಗಾಗಿ ಎಷ್ಟೋ ಧರಣಿ ನಡೆಸಿದ ನಾವು, ಔಷಧಿ ಚೀಟಿಯ ಕನ್ನಡಕ್ಕಾಗಿ ಒಮ್ಮೆಯಾದರೂ ಹಾಗೆ ಒಗ್ಗೂಡಬೇಕಿತ್ತು.

ಬದಿಯಡ್ಕ ಸಮೀಪದ ಕಿಳಿಂಗಾರಿನ ಸಾಯಿರಾಂ ಗೋಪಾಲಕೃಷ್ಣ ಭಟ್ಟರು 250ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ಮನೆ ಕಟ್ಟಿಸಿಕೊಟ್ಟರು, ಉಚಿತ ವೈದ್ಯಕೀಯ ಶಿಬಿರಗಳನ್ನು ನಡೆಸಿದರು. 2022ರ ಜನವರಿಯಲ್ಲಿ ಅವರು ತೀರಿಕೊಂಡಾಗ ಇಡೀ ಗಡಿನಾಡು ಮರುಗಿತು. ಅಂಥವರು ಪ್ರತಿ ಪಂಚಾಯತಿಗೂ ಸಿಗುವುದಿಲ್ಲ. ಸಿಕ್ಕರೂ ವ್ಯಕ್ತಿಯ ಔದಾರ್ಯವು ವ್ಯಕ್ತಿಯ ಆಯುಷ್ಯದಷ್ಟೇ. ಸರಕಾರಿ ಆಸ್ಪತ್ರೆ ಹಾಗಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳು 1990ರ ದಶಕದಲ್ಲೇ ಗ್ರಾಮ ಪಂಚಾಯತುಗಳ ಅಧೀನಕ್ಕೆ ಬಂದಿವೆ. ಅವುಗಳ ನಿರ್ವಹಣಾ ಸಮಿತಿಯಲ್ಲಿ ಜನಪ್ರತಿನಿಧಿಗಳು ಕೂರುತ್ತಾರೆ, ಲೆಕ್ಕವನ್ನು ಕೇಳಬಹುದು, ಗ್ರಾಮಸಭೆಯಲ್ಲಿ ಪ್ರಶ್ನಿಸಬಹುದು.

ಸಹಾಯ ಸಮಿತಿಗಳು ನಿಲ್ಲಬೇಕೆಂದು ನಾವು ಹೇಳುತ್ತಿಲ್ಲ. ನಾಳೆಯೇ ಡಯಾಲಿಸಿಸ್ ಬೇಕಾದವನು ಯೋಜನೆಯ ಅನುಮೋದನೆಗೆ ಕಾಯಲಾರ. ಆದರೆ ಅದೇ ಸಮಿತಿಗಳು ಉಳಿದ ಅಲ್ಪ ಹಣವನ್ನು ಪಂಚಾಯತಿನ ಸಾಂತ್ವನ ಘಟಕಕ್ಕೆ ಕೊಡಬಹುದು. ಬಳಸಿ ಮುಗಿದ ಗಾಳಿಹಾಸಿಗೆ, ಗಾಲಿಕುರ್ಚಿಗಳನ್ನು ಅಟ್ಟದಲ್ಲಿಡದೆ ಹಿಂದಿರುಗಿಸಬಹುದು. ಓದುಬರಹ ಬಲ್ಲ ಯುವಕರು ವಾರಕ್ಕೊಂದು ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಕುಳಿತು ತುಳು ಕನ್ನಡದ ಮಾತನ್ನು ವೈದ್ಯರಿಗೆ ದಾಟಿಸಬಹುದು. ಉಳಿದದ್ದು ಪಂಚಾಯತಿನ ಕೆಲಸ: ದಾದಿಯ ಹುದ್ದೆ ಖಾಲಿ ಬೀಳದಂತೆ ನೋಡುವುದು, ಮನೆಭೇಟಿಯ ವಾಹನಕ್ಕೆ ವರ್ಷವಿಡೀ ಹಣ ಮೀಸಲಿಡುವುದು, ಔಷಧಿ ಚೀಟಿಯ ಸೂಚನೆಯನ್ನು ಎರಡೂ ಭಾಷೆಗಳಲ್ಲಿ ಅಚ್ಚು ಹಾಕಿಸುವುದು. ವಾರ್ಷಿಕ ಯೋಜನೆಗಾಗಿ ಸೇರುವ ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ದಾರಿದೀಪಗಳ ಬೇಡಿಕೆಯ ಜೊತೆಗೆ ಈ ಮೂರನ್ನೂ ಬರೆಸಿ, ಕಡತದಲ್ಲಿ ದಾಖಲಾಯಿತೇ ಎಂದು ಓದಿಸಿ ಕೇಳಬೇಕು.