ನೆಗಡಿಗೆ ಮೂಗು ಕೊಯ್ಯಬೇಡಿ

ಮನೆಯ ಕಂಪ್ಯೂಟರಿನಲ್ಲಿ ಮಕ್ಕಳು ಆಡುವ ಆಟ ಇದ್ದಕ್ಕಿದ್ದಂತೆ ಮುಚ್ಚಿಹೋಗತೊಡಗಿದರೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಎರಡೇ ಸಂಗತಿ. ‘ಒಳ್ಳೆಯದೇ ಆಯಿತು, ಇನ್ನಾದರೂ ಪುಸ್ತಕ ಹಿಡಿ’ ಎಂದು ಹೆತ್ತವರು ಸಮಾಧಾನ ಪಡುತ್ತಾರೆ. ಇಲ್ಲವೇ ಕಂಪ್ಯೂಟರನ್ನು ಅಂಗಡಿಗೆ ಹೊತ್ತೊಯ್ದು, ‘ಏನೋ ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿಕೊಡಿ’ ಎನ್ನುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಎಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದ್ದಿರಬೇಕು. ಪ್ರತಿ ತೆಗೆದಿಡದೆ ಫಾರ್ಮ್ಯಾಟ್ ಮಾಡಿಸಿದರೆ ಮದುವೆಯ ಫೋಟೋಗಳು, ಮಗನ ಪ್ರಾಜೆಕ್ಟು, ಮನೆಯ ಲೆಕ್ಕಪತ್ರ ಎಲ್ಲವೂ ಹೋಗುತ್ತವೆ. ಪ್ರತಿ ತೆಗೆದಿಟ್ಟು ಮರಳಿ ತುಂಬಿದರೆ, ಕೆಟ್ಟ ಫೈಲೂ ಅವುಗಳ ಜೊತೆಯಲ್ಲೇ ಮರಳಿ ಬರುತ್ತದೆ. ಎರಡೂ ದಾರಿಯಲ್ಲಿ ನಷ್ಟ ನಿಮ್ಮದೇ.

ಈ ತಿಂಗಳು ಅಂಥ ಒಂದು ಆಟವನ್ನೇ ಉದಾಹರಣೆಯಾಗಿ ಎತ್ತಿಕೊಳ್ಳೋಣ. ಅದರ ಹೆಸರು ‘ದಿ ಸಿಮ್ಸ್ 4’. ಹೆಣ್ಣುಮಕ್ಕಳು ಬಹಳ ಇಷ್ಟಪಡುವ ಆಟವಿದು. ಯುದ್ಧವಿಲ್ಲ, ಓಟವಿಲ್ಲ. ಮನೆ ಕಟ್ಟುವುದು, ಕೋಣೆ ಅಲಂಕರಿಸುವುದು, ಒಂದು ಕುಟುಂಬವನ್ನು ಸಾಕಿ ಬೆಳೆಸುವುದು, ಅಷ್ಟೇ. ಈ ಸರಣಿಯ ಮೊದಲ ಆಟವನ್ನು 2000ದಲ್ಲಿ ಅಮೆರಿಕದ ವಿಲ್ ರೈಟ್ ಎಂಬವರು ರೂಪಿಸಿದರು. 1991ರಲ್ಲಿ ಓಕ್ಲೆಂಡ್ ಬೆಟ್ಟಗಳಲ್ಲಿ ಹಬ್ಬಿದ ಭಾರೀ ಬೆಂಕಿಯಲ್ಲಿ ಅವರ ಮನೆ ಸುಟ್ಟುಹೋಗಿತ್ತು. ಮತ್ತೆ ಒಂದೊಂದೇ ಸಾಮಾನು ಕೊಂಡು ಸಂಸಾರ ಕಟ್ಟಿಕೊಂಡ ಆ ಅನುಭವ ಈ ಆಟಕ್ಕೆ ಪ್ರೇರಣೆಯಾಯಿತು. ನಾಲ್ಕನೆಯ ಆಟ ಬಂದದ್ದು 2014ರಲ್ಲಿ. 2022ರ ಅಕ್ಟೋಬರಿನಿಂದ ಅದರ ಮೂಲ ಆಟ ಉಚಿತವಾಗಿ ಸಿಗುತ್ತಿದೆ. ಆದ್ದರಿಂದ ಅದರ ಕದ್ದ ಪ್ರತಿಯನ್ನು ಹುಡುಕುವ ಅಗತ್ಯ ಯಾರಿಗೂ ಇಲ್ಲ.

ಹೊರಗಿನಿಂದ ತಂದ ಸಾಮಾನು

ಆಟದ ಕಂಪೆನಿ ಕೊಡುವ ಬಟ್ಟೆ, ಪೀಠೋಪಕರಣಗಳು ಬಹುಪಾಲು ಅಮೆರಿಕದ ಮನೆಗಳಂತೆಯೇ ಇರುತ್ತವೆ. ತನ್ನ ಮನೆಯಂಥ ಮನೆ, ತನ್ನ ಅಮ್ಮನಂಥ ಅಮ್ಮ ಬೇಕೆಂದು ಮಗುವಿಗೆ ಆಸೆ. ಸಲ್ವಾರ್, ಸೀರೆ, ತಲೆವಸ್ತ್ರ, ಕುರ್ಚಿ, ಪರದೆ, ಪಾತ್ರೆಗಳನ್ನು ಜಗತ್ತಿನ ನಾನಾ ಕಡೆಯ ಆಟಗಾರರು ತಾವೇ ತಯಾರಿಸಿ ಇತರರಿಗೆ ಹಂಚುತ್ತಾರೆ. ಇದನ್ನು ಕಸ್ಟಮ್ ಕಂಟೆಂಟ್ ಎನ್ನುತ್ತಾರೆ. ಹಲವರು ಬಿಡುವಿನ ವೇಳೆಯಲ್ಲಿ ಹಣದ ಆಸೆಯಿಲ್ಲದೆ ಮಾಡುವ ಕೆಲಸವಿದು. ಮಗು ಅದನ್ನು ಇಳಿಸಿಕೊಂಡು ‘ಮಾಡ್ಸ್’ ಎಂಬ ಫೋಲ್ಡರಿಗೆ ಹಾಕುತ್ತದೆ. ವಾರಕ್ಕೆ ಹತ್ತರಂತೆ ಹಾಕಿದರೂ ಎರಡು ವರ್ಷಗಳಲ್ಲಿ ಸಾವಿರ ದಾಟುತ್ತದೆ.

ಈ ಫೈಲುಗಳಲ್ಲಿ ಎರಡು ಜಾತಿ. ಹೆಸರಿನ ಕೊನೆಗೆ ‘ಪ್ಯಾಕೇಜ್’ ಎಂದಿರುವವುಗಳಲ್ಲಿ ಹೆಚ್ಚಿನವು ಬಟ್ಟೆ, ಕೂದಲು, ಮೇಜು, ಕುರ್ಚಿಗಳು. ‘ಟಿಎಸ್4ಸ್ಕ್ರಿಪ್ಟ್’ ಎಂದಿರುವವು ಆಟದ ನಿಯಮವನ್ನೇ ಬದಲಿಸುವ ಪುಟ್ಟ ಪ್ರೋಗ್ರಾಮುಗಳು. ಮೊದಲನೆಯದು ಮನೆಗೆ ತಂದ ಸಾಮಾನಿನ ಹಾಗೆ. ಎರಡನೆಯದು ಮನೆಗೆ ಕರೆತಂದ ಕೆಲಸಗಾರನ ಹಾಗೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಏಕೆ ಕೆಡುತ್ತದೆ?

ಕಂಪೆನಿ ಆಗಾಗ ಆಟವನ್ನು ಪರಿಷ್ಕರಿಸುತ್ತದೆ. ಬೀಗ ಬದಲಾದ ಮೇಲೆ ಹಳೆಯ ಕೀಲಿ ನಡೆಯದು. ಹಾಗೆಯೇ ಹಿಂದಿನ ಆಟಕ್ಕೆಂದು ಬರೆದ ಸ್ಕ್ರಿಪ್ಟುಗಳು ಹೊಸ ಆಟದಲ್ಲಿ ಎಡವುತ್ತವೆ. ಪರದೆಯ ಮೇಲಿನ ಗುಂಡಿ, ಪಟ್ಟಿಗಳನ್ನು ಬದಲಿಸುವಂಥವು ಇನ್ನೂ ಬೇಗ ಕೆಡುತ್ತವೆ. ಇದೇ ಕಾರಣಕ್ಕೆ ಪರಿಷ್ಕರಣೆಯಾದ ಕೂಡಲೇ ಆಟವು ಹೊರಗಿನ ಸಾಮಾನನ್ನೆಲ್ಲ ತಾನಾಗಿಯೇ ನಿಲ್ಲಿಸಿಬಿಡುತ್ತದೆ. ಮಕ್ಕಳು ಅವಸರದಿಂದ ಅದನ್ನು ಮತ್ತೆ ಚಾಲೂ ಮಾಡುತ್ತಾರೆ, ಆಟ ಕುಸಿಯುತ್ತದೆ.

ಬೇರೆ ಕಾರಣಗಳೂ ಇವೆ. ಒಂದೇ ಸಾಮಾನಿನ ಹಳೆಯ ಪ್ರತಿಯೂ ಹೊಸ ಪ್ರತಿಯೂ ಒಟ್ಟಿಗೆ ಇರಬಹುದು. ಎರಡು ಫೈಲುಗಳು ಒಂದೇ ನಿಯಮವನ್ನು ಎರಡು ಬಗೆಯಾಗಿ ಬದಲಿಸಲು ಹೊರಟಿರಬಹುದು. ಇಳಿಸುವಾಗ ನೆಟ್ ಕಡಿದುಹೋಗಿ ಫೈಲು ಅರ್ಧಕ್ಕೇ ನಿಂತಿರಬಹುದು. ಕೆಲವೊಮ್ಮೆ ಯಾವೊಂದು ಫೈಲಿನದೂ ತಪ್ಪಿರುವುದಿಲ್ಲ, ಒಟ್ಟು ಭಾರವೇ ಹೆಚ್ಚಾಗಿರುತ್ತದೆ. ಕಂಪ್ಯೂಟರ್ ಒಂದು ಜಡೆಯನ್ನು ತೋರಿಸಬೇಕಾದರೆ ಅದನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಬಿಡಿಸಿಕೊಳ್ಳುತ್ತದೆ. ಬಹಳ ನಯವಾದ ಜಡೆಗೆ ತ್ರಿಕೋನಗಳೂ ಬಹಳ. ಅಂಥ ನೂರಾರು ಜಡೆಗಳನ್ನು ಹಳೆಯ ಕಂಪ್ಯೂಟರಿಗೆ ಹೊರಿಸಿದರೆ ಅದು ಏದುಸಿರು ಬಿಡದೆ ಇನ್ನೇನು ಮಾಡೀತು?

ಮೊದಲು ಕಾಪಾಡಿ, ಆಮೇಲೆ ಹುಡುಕಿ

ಆಟದ ಪ್ರತಿ ಮತ್ತೆ ಸಿಗುತ್ತದೆ. ಬಟ್ಟೆಬರೆಯನ್ನೂ ಬಹುಮಟ್ಟಿಗೆ ಮತ್ತೆ ಇಳಿಸಿಕೊಳ್ಳಬಹುದು. ಮತ್ತೆ ಸಿಗದಿರುವುದು ಮಗು ಕಟ್ಟಿದ ಮನೆ. ನಿಮ್ಮ ಕಣ್ಣಿಗೆ ಅದು ಬರೀ ಆಟವಿರಬಹುದು. ಅವಳಿಗೆ ಅದು ಎರಡು ವರ್ಷ ರಜಾದಿನಗಳಲ್ಲಿ ಕುಳಿತು ಮಾಡಿದ ಕೈಕೆಲಸ. ಕಸೂತಿ ಹಾಕಿದ ಬಟ್ಟೆಯನ್ನು ಕಲೆಯಾಯಿತೆಂದು ಒಲೆಗೆ ಹಾಕುವ ತಾಯಿ ಯಾರಿದ್ದಾರೆ?

‘ಡಾಕ್ಯುಮೆಂಟ್ಸ್’ ಫೋಲ್ಡರಿನೊಳಗೆ ‘ಎಲೆಕ್ಟ್ರಾನಿಕ್ ಆರ್ಟ್ಸ್’, ಅದರೊಳಗೆ ‘ದಿ ಸಿಮ್ಸ್ 4’ ಎಂಬ ಫೋಲ್ಡರಿದೆ. ಅಲ್ಲಿರುವ ‘ಸೇವ್ಸ್’ ಫೋಲ್ಡರಿನಲ್ಲಿ ಮಗಳ ಆಟ ಉಳಿದಿರುತ್ತದೆ. ‘ಟ್ರೇ’ ಫೋಲ್ಡರಿನಲ್ಲಿ ಅವಳು ಎತ್ತಿಟ್ಟುಕೊಂಡ ಮನೆಗಳು, ಕುಟುಂಬಗಳು ಇರುತ್ತವೆ. ಇವೆರಡನ್ನೂ ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಳ್ಳಿ. ಬೇರೇನು ಮಾಡದಿದ್ದರೂ ಇದೊಂದನ್ನು ಮಾಡಿ.

ಇನ್ನೊಂದು ಮಾತು. ಸಾಮಾನು ಹೊರಗಿಟ್ಟಿರುವಾಗ ಮಗಳು ತನ್ನ ಹಳೆಯ ಆಟವನ್ನು ತೆರೆದು ಸೇವ್ ಮಾಡಿದರೆ, ಇಲ್ಲದ ಕುರ್ಚಿ, ಮಂಚಗಳು ಆ ಮನೆಯಿಂದ ಮಾಯವಾಗಿಯೇ ಉಳಿಯುತ್ತವೆ. ಆಮೇಲೆ ಫೈಲನ್ನು ಮರಳಿ ಹಾಕಿದರೂ ಅವು ಇದ್ದ ಜಾಗಕ್ಕೆ ಬಂದು ಕುಳಿತುಕೊಳ್ಳುವುದಿಲ್ಲ. ಆದ್ದರಿಂದ ಪರೀಕ್ಷೆಗೆಂದೇ ಒಂದು ಹೊಸ ಆಟ ಆರಂಭಿಸಿ. ಹಳೆಯದನ್ನು ಮುಟ್ಟಬೇಡಿ.

ಮೊದಲ ಪರೀಕ್ಷೆ

ಆಟವನ್ನು ಪೂರ್ತಿ ಮುಚ್ಚಿ. ‘ಮಾಡ್ಸ್’ ಫೋಲ್ಡರನ್ನು ಹಾಗೇ ಎತ್ತಿ ಡೆಸ್ಕ್‌ಟಾಪಿಗೆ ಸರಿಸಿ. ಅಳಿಸಬೇಡಿ, ಸರಿಸಿ. ಅಲ್ಲೇ ‘ಲೋಕಲ್‌ಥಂಬ್‌ಕ್ಯಾಶ್’ ಎಂಬ ಫೈಲೊಂದಿದೆ. ಅದು ಆಟದ ತಾತ್ಕಾಲಿಕ ಉಗ್ರಾಣ, ಹಳೆಯ ಸಾಮಾನಿನ ಗುರುತುಗಳು ಅದರಲ್ಲಿ ಉಳಿದಿರುತ್ತವೆ. ಅದನ್ನು ಅಳಿಸಿದರೆ ತೊಂದರೆಯಿಲ್ಲ, ಆಟ ತಾನೇ ಹೊಸದನ್ನು ಮಾಡಿಕೊಳ್ಳುತ್ತದೆ. ಈಗ ಆಟ ತೆರೆಯಿರಿ. ಖಾಲಿ ‘ಮಾಡ್ಸ್’ ಫೋಲ್ಡರನ್ನೂ ಅದು ತಾನಾಗಿಯೇ ಸೃಷ್ಟಿಸಿಕೊಳ್ಳುತ್ತದೆ.

ಆಗಲೂ ಆಟ ಕುಸಿದರೆ ಹೊರಗಿನ ಸಾಮಾನು ನಿರಪರಾಧಿ. ಆಟವನ್ನು ನಡೆಸುವ ‘ಇಎ ಆಪ್’ನಲ್ಲಿ ರಿಪೇರಿ ಎಂಬ ಆಯ್ಕೆ ಇದೆ, ಅದನ್ನು ಬಳಸಿ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿದೆಯೇ ನೋಡಿ. ಆಟ ಸರಿಯಾಗಿ ನಡೆದರೆ ಮಾತ್ರ ಕಳ್ಳ ಆ ಡೆಸ್ಕ್‌ಟಾಪಿನ ಫೋಲ್ಡರಿನೊಳಗೇ ಇದ್ದಾನೆ ಎಂದರ್ಥ.

ಇಬ್ಭಾಗದ ಲೆಕ್ಕ

ಸಾವಿರ ಫೈಲುಗಳಲ್ಲಿ ಒಂದನ್ನು ಹುಡುಕುವುದು ಹೇಗೆ? ಒಂದೊಂದನ್ನೇ ಹಾಕಿ ನೋಡಲು ತಲಾ 5 ನಿಮಿಷ ಹಿಡಿದರೂ 5,000 ನಿಮಿಷ ಬೇಕು. ಅಂದರೆ 83 ಗಂಟೆಗೂ ಹೆಚ್ಚು. ಅರಬಿ ನಿಘಂಟಿನಲ್ಲಿ ಒಂದು ಪದ ಹುಡುಕುವಾಗ ನಾವು ಮೊದಲ ಪುಟದಿಂದ ಓದುತ್ತಾ ಹೋಗುತ್ತೇವೆಯೇ? ಇಲ್ಲ. ನಡುವೆ ತೆರೆದು, ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಆ ಭಾಗವನ್ನು ಮತ್ತೆ ನಡುವೆ ತೆರೆಯುತ್ತೇವೆ. ಇಲ್ಲಿಯೂ ಅದೇ ಉಪಾಯ.

ಸಾವಿರದಲ್ಲಿ 500 ಫೈಲುಗಳನ್ನು ಹೊಸ ‘ಮಾಡ್ಸ್’ಗೆ ಹಾಕಿ ಆಟ ತೆರೆಯಿರಿ. ಕುಸಿಯಿತೇ? ಕಳ್ಳ ಆ 500ರಲ್ಲಿದ್ದಾನೆ. ಕುಸಿಯಲಿಲ್ಲವೇ? ಉಳಿದ 500ರಲ್ಲಿದ್ದಾನೆ. ಅವನಿರುವ ಭಾಗವನ್ನು ಮತ್ತೆ ಎರಡು ಮಾಡಿ, 250. ಮುಂದೆ 125, ಹೀಗೆ. ಹತ್ತು ಸಲ ಮಾಡುವಷ್ಟರಲ್ಲಿ ನೀವು ಒಂದೇ ಫೈಲಿಗೆ ಬಂದು ನಿಲ್ಲುತ್ತೀರಿ. 83 ಗಂಟೆಯ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ. ಪ್ರತಿ ಸಲವೂ ಆ ತಾತ್ಕಾಲಿಕ ಉಗ್ರಾಣದ ಫೈಲನ್ನು ಅಳಿಸಲು ಮರೆಯಬೇಡಿ. ಹೊರಗಿನ ಸಾಮಾನು ಮತ್ತು ಸ್ಕ್ರಿಪ್ಟುಗಳಿಗೆ ಅನುಮತಿ ಕೊಡುವ ಎರಡು ಗುರುತುಗಳು ಆಟದ ಆಯ್ಕೆಗಳಲ್ಲಿವೆ. ಅವು ಹಾಕಿವೆಯೇ ಎಂದೂ ನೋಡಿಕೊಳ್ಳಿ. ಇಲ್ಲದಿದ್ದರೆ ಆಟ ಚೆನ್ನಾಗಿ ನಡೆಯಿತೆಂದು ಸುಮ್ಮನೆ ಮೋಸ ಹೋಗುತ್ತೀರಿ.

ಭಾಗ ಮಾಡುವಾಗ ಜೋಡಿಗಳನ್ನು ಅಗಲಿಸಬಾರದು. ಕೆಲವು ಸ್ಕ್ರಿಪ್ಟುಗಳಿಗೆ ಜೊತೆಯ ಪ್ಯಾಕೇಜ್ ಫೈಲೊಂದು ಬೇಕೇ ಬೇಕು. ಒಂದು ಅಂಗಿಗೆ ಬೇರೆ ಬಣ್ಣ ಕೊಡುವ ಫೈಲಿಗೆ ಆ ಅಂಗಿಯ ಮೂಲ ಫೈಲೂ ಇರಬೇಕು. ಸ್ಕ್ರಿಪ್ಟ್ ಫೈಲು ‘ಮಾಡ್ಸ್’ನೊಳಗಿನ ಒಂದು ಫೋಲ್ಡರಿಗಿಂತ ಆಳದಲ್ಲಿದ್ದರೆ ಆಟಕ್ಕೆ ಕಾಣುವುದೇ ಇಲ್ಲ ಎಂಬುದೂ ನೆನಪಿರಲಿ.

ಆಟ ಎಲ್ಲಿ ಕುಸಿಯುತ್ತದೆಂದು ಗಮನಿಸಿದರೆ ಹುಡುಕಾಟ ಇನ್ನಷ್ಟು ಹಗುರವಾಗುತ್ತದೆ. ಬಟ್ಟೆ ತೊಡಿಸುವ ಕಡೆ ಕುಸಿದರೆ ಬಟ್ಟೆ, ಕೂದಲುಗಳನ್ನು ಮೊದಲು ನೋಡಿ. ಮನೆ ಕಟ್ಟುವಾಗ ಕುಸಿದರೆ ಪೀಠೋಪಕರಣಗಳನ್ನು ನೋಡಿ. ಪರಿಷ್ಕರಣೆಯಾದ ಮರುದಿನವೇ ತೊಂದರೆ ಶುರುವಾಗಿದ್ದರೆ ಎಲ್ಲಕ್ಕಿಂತ ಮೊದಲು ಸ್ಕ್ರಿಪ್ಟುಗಳನ್ನು ಹೊರಗಿಡಿ.

ಇಬ್ಬರೂ ಒಳ್ಳೆಯವರು, ಆದರೂ ಜಗಳ

ಹಲವರು ಸೋಲುವುದು ಇಲ್ಲಿ. ಮೊದಲ ಅರ್ಧ ಹಾಕಿದರೆ ಆಟ ಸರಿ. ಎರಡನೆಯ ಅರ್ಧ ಹಾಕಿದರೂ ಸರಿ. ಎರಡನ್ನೂ ಹಾಕಿದರೆ ಕುಸಿಯುತ್ತದೆ! ಒಟ್ಟು ಭಾರ ಹೆಚ್ಚಾಗಿದ್ದರೂ ಹೀಗಾಗಬಹುದು. ಆದರೆ ಹೆಚ್ಚಾಗಿ ಇದು ಎರಡು ಫೈಲುಗಳ ಜಗಳ, ಅವುಗಳಲ್ಲಿ ಒಂದು ಈ ಭಾಗದಲ್ಲಿದೆ, ಇನ್ನೊಂದು ಆ ಭಾಗದಲ್ಲಿದೆ. ತರಗತಿಯಲ್ಲಿ ಇದನ್ನು ನಾವು ಕಾಣುತ್ತೇವೆ. ಬೇರೆ ಬೇರೆ ಬೆಂಚಿನಲ್ಲಿ ತೆಪ್ಪಗಿರುವ ಇಬ್ಬರು ಹುಡುಗರು ಒಂದೇ ಬೆಂಚಿಗೆ ಬಂದರೆ ಪಾಠ ನಡೆಯುವುದಿಲ್ಲ. ಆಗ ಒಂದು ಭಾಗವನ್ನು ಹಾಗೇ ಒಳಗಿಟ್ಟು, ಇನ್ನೊಂದು ಭಾಗವನ್ನು ಮಾತ್ರ ಇಬ್ಭಾಗ ಮಾಡುತ್ತಾ ಬನ್ನಿ. ಒಬ್ಬ ಸಿಕ್ಕಿದ ಮೇಲೆ ಅವನನ್ನು ಒಳಗಿಟ್ಟು ಇನ್ನೊಬ್ಬನನ್ನು ಅದೇ ರೀತಿ ಹುಡುಕಿ. ಇಬ್ಬರಲ್ಲಿ ಯಾರನ್ನು ಉಳಿಸಿಕೊಳ್ಳುವುದು ಎಂಬುದನ್ನು ಮಗಳೇ ತೀರ್ಮಾನಿಸಲಿ.

ಸಿಕ್ಕಿದ ಫೈಲನ್ನು ಕೂಡಲೇ ಎಸೆಯಬೇಕಾಗಿಲ್ಲ. ಅದನ್ನು ತಯಾರಿಸಿದವರು ಹೊಸ ಆಟಕ್ಕೆ ಹೊಂದುವ ತಿದ್ದಿದ ಪ್ರತಿಯನ್ನು ಕೊಟ್ಟಿದ್ದಾರೆಯೇ ನೋಡಿ. ಇದ್ದರೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿ. ಎರಡನ್ನೂ ಒಟ್ಟಿಗೆ ಇಡಬೇಡಿ.

ಹೆತ್ತವರಿಗೆ ಎರಡು ಮಾತು

ಮೊದಲನೆಯದು ಸುರಕ್ಷೆಯ ಮಾತು. 2024ರ ಆರಂಭದಲ್ಲಿ ಇದೇ ಆಟದ ಕೆಲವು ಮಾಡ್‌ಗಳೊಳಗೆ ದುಷ್ಟ ಪ್ರೋಗ್ರಾಮುಗಳು ಸೇರಿಕೊಂಡಿದ್ದವು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳಂಥ ಗುಟ್ಟುಗಳನ್ನು ಕದಿಯುವುದೇ ಅವುಗಳ ಕೆಲಸವಾಗಿತ್ತು. ಮಗಳು ಆಡುವ ಕಂಪ್ಯೂಟರಿನಲ್ಲೇ ನೀವು ಬ್ಯಾಂಕಿನ ವ್ಯವಹಾರವನ್ನೂ ಮಾಡುತ್ತಿದ್ದರೆ ಇದು ಸಣ್ಣ ಸಂಗತಿಯಲ್ಲ. ಸಾಮಾನು, ಕೆಲಸಗಾರ ಎಂಬ ಹೋಲಿಕೆಯನ್ನು ನೆನಪಿಸಿಕೊಳ್ಳಿ. ಬರೀ ಕುರ್ಚಿಯೊಂದನ್ನು ಇಳಿಸಿಕೊಂಡಾಗ ಅದರ ಜೊತೆಗೆ ಸ್ಕ್ರಿಪ್ಟ್ ಫೈಲೂ ಬಂದಿದ್ದರೆ ಅನುಮಾನಪಡಿ. ಕುರ್ಚಿಗೆ ಕೆಲಸಗಾರ ಏಕೆ? ‘ಇಎಕ್ಸ್‌ಇ’ ಎಂದು ಕೊನೆಯಾಗುವ ಫೈಲು ಬಂದಿದ್ದರಂತೂ ತೆರೆಯಲೇಬೇಡಿ. ಪಾಸ್‌ವರ್ಡುಗಳನ್ನು ಬ್ರೌಸರಿನಲ್ಲಿ ಉಳಿಸಿಡಬೇಡಿ.

ಎರಡನೆಯದು, ಅಮೆರಿಕದ ಇ.ಎಸ್.ಆರ್.ಬಿ. ಸಂಸ್ಥೆ ಈ ಆಟಕ್ಕೆ 13 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಎಂಬ ದರ್ಜೆ ನೀಡಿದೆ. ಆ ದರ್ಜೆ ಕಂಪೆನಿಯ ಆಟಕ್ಕೆ ಮಾತ್ರ. ಹೊರಗಿನಿಂದ ತಂದ ಸಾಮಾನನ್ನು ಯಾರೂ ಪರಿಶೀಲಿಸಿ ದರ್ಜೆ ಕೊಟ್ಟಿರುವುದಿಲ್ಲ. ಚಂದದ ಅಂಗಿಯೂ ಅದರಲ್ಲಿದೆ, ಮಕ್ಕಳ ಕಣ್ಣಿಗೆ ಬೀಳಬಾರದ್ದೂ ಇದೆ. ಬೈದು ನಿಷೇಧಿಸಿದರೆ ಮಗು ಬಚ್ಚಿಟ್ಟು ಇಳಿಸಿಕೊಳ್ಳಲು ಕಲಿಯುತ್ತದೆ. ಈ ಇಬ್ಭಾಗದ ಹುಡುಕಾಟದಲ್ಲಿ ನೀವೂ ಕೈಜೋಡಿಸಿದರೆ ಫೋಲ್ಡರಿನಲ್ಲಿ ಏನೇನಿದೆ ಎಂಬುದು ಪೊಲೀಸರ ಶೋಧವಿಲ್ಲದೆಯೇ ನಿಮಗೆ ತಿಳಿಯುತ್ತದೆ.

ಒಂದು ನೋಟ್‌ಬುಕ್ ಇಡಿಸಿ. ಯಾವ ದಿನ ಏನು ಇಳಿಸಿಕೊಂಡಳು, ಎಲ್ಲಿಂದ, ತಯಾರಿಸಿದವರ ಹೆಸರೇನು ಎಂದು ಮಗಳು ಅದರಲ್ಲಿ ಬರೆದಿಡಲಿ. ಬಟ್ಟೆ, ಕೂದಲು, ಪೀಠೋಪಕರಣ, ಸ್ಕ್ರಿಪ್ಟ್ ಎಂದು ಬೇರೆ ಬೇರೆ ಫೋಲ್ಡರಿರಲಿ. ಪರಿಷ್ಕರಣೆ ಬಂದ ದಿನ ಸ್ಕ್ರಿಪ್ಟುಗಳನ್ನು ಹೊರಗಿಟ್ಟು ಕೆಲವು ದಿನ ಕಾಯಲಿ. ತಿಂಗಳಿಗೊಮ್ಮೆ ‘ಸೇವ್ಸ್’ ಮತ್ತು ‘ಟ್ರೇ’ಗಳ ಪ್ರತಿ ತೆಗೆಯಲಿ. ಮುಂದಿನ ಸಲ ಆಟ ಮುಚ್ಚಿಹೋದಾಗ ಅಂಗಡಿಗೆ ಫೋನ್ ಮಾಡುವ ಮುನ್ನ ಕುರ್ಚಿಯೊಂದನ್ನು ಎಳೆದುಕೊಂಡು ಮಗಳ ಪಕ್ಕ ಕುಳಿತುಕೊಳ್ಳಿ. ಅವಳು ಕಟ್ಟಿದ ಮನೆಯನ್ನೂ ಒಮ್ಮೆ ತೋರಿಸೆಂದು ಕೇಳಿ.